ಮಾವನವರ ತಾಟಿನ ರಂಜಕ

ಮೊನ್ನೆ ಡಾಕ್ಟರು ನನ್ನ ತೋಳಿಗೆ ಪಟ್ಟಿ ಕಟ್ಟಿ ನೋಡಿ, ರಕ್ತದೊತ್ತಡ ತುಸು ಏರಿದೆ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂದರು. ಮರುದಿನ ಸೊಸೆ ಸಪ್ಪನೆಯ ಪಲ್ಯ ಬಡಿಸಿ ನನ್ನ ಮುಖ ನೋಡಿದಳು. ಒಳಗೆ ಹೋಗಿ ಭರಣಿಯ ಮುಚ್ಚಳ ತೆಗೆದಳು. ಬೆಳ್ಳುಳ್ಳಿ, ಲಿಂಬೆಹುಳಿ ಕೂಡಿದ ಕೆಂಪು ಮೆಣಸಿನಕಾಯಿ ರಂಜಕದ ವಾಸನೆ ಪಡಸಾಲೆಯವರೆಗೂ ಬಂತು.

"ಇದನ್ನರ ಹಚ್ಚಿಕೊಂಡು ತಿನ್ರಿ ಅತ್ತಿ" ಎಂದು ತಾಟಿನಂಚಿಗೆ ಒಂದು ಚಮಚ ಇಟ್ಟಳು.

ಹೀಗೆ ಇಡುವ ಕೈಯನ್ನು ನಾನು ಮೊದಲೂ ನೋಡಿದ್ದೇನೆ. ಆಗ ಅದು ನನ್ನದೇ ಆಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಮಸಗುಪ್ಪಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ತವರು ಹುಕ್ಕೇರಿ, ತಂದೆ ಮಾಸ್ತರರು. ನಮ್ಮಲ್ಲಿ ಅಳುವುದಕ್ಕೂ ಗೊತ್ತಾದ ವೇಳೆಯಿತ್ತು ಎಂದರೆ ಅತಿಯಾದೀತು, ಆದರೆ ಬಹಳ ಅತಿಯಲ್ಲ. ಮಸಗುಪ್ಪಿಯ ಮನೆಯಲ್ಲಿ ಅತ್ತೆ ಇರಲಿಲ್ಲ. ಅಡುಗೆಮನೆ ನನ್ನ ಆಳ್ವಿಕೆಗೆ ಬಂದಿತ್ತು.

ಮಾವನವರಿಗೆ ಆಗ ಐವತ್ತೆರಡು. ಗೋಕಾಕದ ಡಾಕ್ಟರು ಅವರ ಒತ್ತಡ ನೋಡಿ, ಈಗಲೇ ಉಪ್ಪು ತಗ್ಗಿಸಿ, ತಂಬಾಕು ಬಿಟ್ಟು, ನಡೆದಾಡಿದರೆ ಸಾಕು ಎಂದಿದ್ದರು. ಮಾವನವರು ಅಂಜಿದರು. ಕಾರಣವಿತ್ತು. ಅವರ ತಂದೆಗೆ ಅದೇ ವಯಸ್ಸಿನಲ್ಲಿ ಲಕ್ವಾ ಹೊಡೆದು ಬಲಗೈ ಬಿದ್ದಿತ್ತು. ಆರು ವರ್ಷ ಅವರಿಗೆ ಧೋತರ ಉಡಿಸಿದವರು ಮಾವನವರೇ.

ಮರುದಿನದಿಂದ ಉಪ್ಪಿನ ಡಬ್ಬಿ ಗೋಡೆಯ ಮೇಲಿನ ಮಾಡಕ್ಕೆ ಹೋಯಿತು. ಅಳತೆಗೆ ಒಂದೇ ಚಮಚ.

ನಡಿಗೆಯದೇ ಬೇರೆ ಫಜೀತಿ. ಕೆಲಸವಿಲ್ಲದೆ ಬರಿಗೈಯಲ್ಲಿ ನಡೆಯುವ ಗಂಡಸನ್ನು ನಮ್ಮೂರು ಕಂಡಿರಲಿಲ್ಲ. ಮೊದಲ ದಿನವೇ ಕಟ್ಟೆಯ ಮೇಲಿನವನೊಬ್ಬ ಕೂಗಿದ: "ಏನ್ರಿ ಕಾಕಾ, ಎತ್ತು ಕಳಕೊಂಡೀರೇನು? ನಾವೂ ಹುಡಕಾಕ ಬರೂಣೇನ್ರಿ?" ಮರುದಿನದಿಂದ ಮಾವನವರು ಕುಡಗೋಲು ಹಿಡಿದು ಹೊರಟರು. ಹೊಳೆದಂಡೆಯವರೆಗೆ ಹೋಗಿ, ಒಂದು ಹುಲ್ಲುಕಡ್ಡಿಯನ್ನೂ ಕೊಯ್ಯದೆ ಮರಳುತ್ತಿದ್ದರು.

ತಿಂಗಳಾದ ಮೇಲೆ ಯಜಮಾನರಿಗೆ ಹೊಲದ ಕೆಲಸವಿತ್ತೆಂದು ನಾನೇ ಮಾವನವರ ಜೊತೆ ಗೋಕಾಕಕ್ಕೆ ಹೋದೆ. ಒತ್ತಡದ ಪಾದರಸ ಒಂದು ಗೆರೆಯೂ ಇಳಿದಿರಲಿಲ್ಲ.

"ಉಪ್ಪಿನ ಡಬ್ಬಿ ನನ್ನ ಕೈಯಾಗ ಐತ್ರಿ" ಎಂದೆ, ತುಸು ಸೆಟೆದು.

"ರೊಟ್ಟಿಗೆ ಏನ ಹಚ್ಚಿಕೊಡತೀರವ್ವ?" ಎಂದು ಡಾಕ್ಟರು ಕೇಳಿದರು.

"ರಂಜಕರಿ. ಪಲ್ಯಾ ಸಪ್ಪಗ ಅಂತ ಈಗೀಗ ಒಂದೀಟ ಹೆಚ್ಚಿಗೀನ ಹಾಕತೇನ್ರಿ."

"ಅದನ್ನ ಮಾಡೂದ ಹೆಂಗ?"

ರಂಜಕದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹುರುಪಿನಿಂದ ಶುರು ಮಾಡಿದೆ: "ಹಣ್ಣ ಮೆಣಸಿನಕಾಯಿ ತೊಟ್ಟು ತಗೀಬೇಕ್ರಿ, ಬಳ್ಳೊಳ್ಳಿ ಹಾಕಿ ಕುಟ್ಟಬೇಕು, ವರ್ಷಾನಗಟ್ಟಲೆ ಕೆಡಬಾರದಂತ ಸೇರಿಗೊಂದು ಬೊಗಸಿ..."

ಅಲ್ಲಿಗೆ ದನಿ ನಿಂತಿತು. ಆ ಬೊಗಸೆ ಯಾವುದರದೆಂದು ನಿಮಗೆ ನಾನು ಹೇಳಬೇಕಿಲ್ಲ. ಡಾಕ್ಟರೂ ಕೇಳಲಿಲ್ಲ.

ಮರಳುವಾಗ ಬಸ್ಸಿನಲ್ಲಿ, "ತಪ್ಪ ನಂದರಿ ಮಾವಾರ" ಎಂದೆ.

"ನಿಂದೊಬ್ಬಾಕೀದಲ್ಲವ್ವ. ನಾಲಿಗಿಗೆ ಉಪ್ಪು ತಿಳೀದ ಇರತೈತೇನು? ನೀ ಪ್ರೀತೀಲೆ ಹಾಕತಿದ್ದಿ, ಖರೆ ಹೇಳಬೇಕಂದ್ರ ನನಗೂ ಬೇಕಾಗಿತ್ತು." ತೊಡೆಯ ಮೇಲಿದ್ದ ಬಲಗೈಯನ್ನು ಒಮ್ಮೆ ಮುಷ್ಟಿ ಮಾಡಿ ಬಿಚ್ಚಿದರು. "ನನ್ನ ಧೋತರ ನಾನ ಉಟ್ಕೋಬೇಕು, ಅಷ್ಟ ನೋಡು."

ಅಂದಿನಿಂದ ರೊಟ್ಟಿಯ ಜೊತೆ ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ, ಮೊಸರು, ಉಪ್ಪಿಲ್ಲದ ಶೇಂಗಾಪುಡಿ. ನಾನೂ ಅದನ್ನೇ ಉಂಡೆ. ಮೊದಲ ವಾರ ಇಬ್ಬರೂ ಔಷಧ ಕುಡಿಯುವವರ ಮುಖ ಮಾಡಿಕೊಂಡು ಉಂಡೆವು. ಮೂರನೆಯ ತಿಂಗಳಿಗೆ ಪಾದರಸ ಇಳಿಯಿತು. ತಂಬಾಕು ಮಾತ್ರ ವರ್ಷವಿಡೀ ಸತಾಯಿಸಿ ಹೋಯಿತು. ಮಾವನವರು ಎಪ್ಪತ್ತೆಂಟರವರೆಗೆ ಬಾಳಿದರು. ಕೊನೆಯ ದಿನದವರೆಗೂ ತಮ್ಮ ಧೋತರ ತಾವೇ ಉಟ್ಟರು.

ಸೊಸೆ ಇನ್ನೂ ಚಮಚ ಹಿಡಿದು ನಿಂತಿದ್ದಳು. ನನ್ನ ಬಾಯಲ್ಲಿ ನೀರೂರಿತ್ತು, ಸುಳ್ಳೇಕೆ ಹೇಳಲಿ.

"ತಗದ ಇಡವ್ವ ಅದನ್ನ" ಎಂದೆ.

"ಒಂದೀಟಕ್ಕ ಏನಾಗತೈತ್ರಿ?"

"ನಾನೂ ಹಂಗ ಅಂತಿದ್ದೆ."

ಪಲ್ಯಕ್ಕೆ ಲಿಂಬೆ ಹಿಂಡಿಕೊಂಡು ಉಂಡೆ. ರುಚಿಯೇನೂ ಇರಲಿಲ್ಲ. ಸಂಜೆ ಐದಕ್ಕೆ ಸರಿಯಾಗಿ ನಡೆಯಲು ಹೊರಟೆ. ಹೊಸ್ತಿಲು ದಾಟಿದಾಗ ಬರಿಗೈ ಯಾಕೋ ಸರಿಕಾಣಲಿಲ್ಲ. ಒಳಗೆ ಹೋಗಿ, ಸಂತೆಯ ಖಾಲಿ ಚೀಲವೊಂದನ್ನು ಹಿಡಿದುಕೊಂಡು ಬಂದೆ.