ಸೋಸುವ ಬಟ್ಟೆಯ ಪಾಪ

ಇವತ್ತು ಕಂಟ್ರೋಲ್ ಅಂಗಡಿಯ ಸಾಲಿನಲ್ಲಿ ನಿಂತು ಬಾಟಲಿಗೆ ಸೀಮೆಎಣ್ಣೆ ಹಾಕಿಸಿಕೊಂಡೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಮುನ್ಸಿಪಾಲಿಟಿಯ ಮಲೇರಿಯಾ ಮೇಸ್ತ್ರಿ ಕಣ್ಣೆದುರು ಬಂದುಬಿಟ್ಟರು... ಹೆಗಲ ಮೇಲೆ ನಿಂತ ನೀರಿಗೆ ಸುರಿಯುವ ಎಣ್ಣೆ ಡಬ್ಬ, ಎಡಗಾಲು ಎಳೆಯುವ ನಡಿಗೆ. ಆ ನಡಿಗೆಯನ್ನು ಆದೋನಿಯ ಓಣಿ ಓಣಿಯಲ್ಲಿ ನಡೆದು ತೋರಿಸಿ ನಗಿಸಿದವನು ನಾನೇ. ಬೇರೆ ವಿದ್ಯೆ ಹತ್ತದವನಿಗೆ ಇನ್ನೊಬ್ಬರ ಕಾಲೇ ಗತಿ.

ನಾನು ಹುಡುಗನಾಗಿದ್ದ ಆ ಮಳೆಗಾಲ ಪೇಟೆ ತುಂಬ ಚಳಿಜ್ವರ. ನಮ್ಮ ಆರು ವರ್ಷದ ತಂಗಿ ದಿನ ಬಿಟ್ಟು ದಿನ ನಡುಗುತ್ತಿದ್ದಳು. ಕ್ವಿನೈನ್ ಕುಡಿಸಿದರೆ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಹಿತ್ತಲ ಬಾವಿ ಕುಡಿಯುವ ನೀರಿನದು, ಎಣ್ಣೆ ಸುರಿಯುವಂತಿಲ್ಲ. ಸೊಳ್ಳೆಮರಿ ತಿನ್ನಲೆಂದು ಮೇಸ್ತ್ರಿ ಚೊಂಬಿನಲ್ಲಿ ಮೀನು ತಂದರು. ಅಜ್ಜಿ ಅಡ್ಡ ನಿಂತಳು.

"ಲಿಂಗಪೂಜಿ ನೀರದು. ಮೀನ ಬಿಟ್ಟರ ನಾನೂ ಬಾವಿಗೆ ಬೀಳ್ತೀನಿ."

"ನೀವು ಬಿದ್ದು ಉಪಯೋಗಿಲ್ಲಮ್ಮಾ. ನೀವು ಹುಳ ತಿನ್ನಂಗಿಲ್ಲ."

ಅಜ್ಜಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದಳು. ಆಮೇಲೆ, ಬಟ್ಟೆಗೆ ಸಿಕ್ಕ ಜೀವ ಸಾಯಬಾರದೆಂದು, ಆ ಬಟ್ಟೆಯನ್ನು ಬಾವಿಯೊಳಗೇ ಝಾಡಿಸಿದಳು. ನಮ್ಮ ಮನೆಯಲ್ಲಿ ಮೊದಲಿಂದಲೂ ಹಾಗೇ.

ಮೇಸ್ತ್ರಿ ಕಣ್ಣರಳಿಸಿದರು. "ಹಿಡದ ಹುಳಾನ ದಿನಾ ತವರಿಗೆ ಕಳಸ್ತೀರಲ್ಲರಿ."

"ಹೊರಗ ಝಾಡಿಸಿದ್ರ ಸಾಯ್ತಾವ. ಆ ಪಾಪ ಯಾರ ತಲಿಗೆ?"

"ಪರವಾಲೇದಮ್ಮಾ, ನನ್ನ ತಲಿಗೆ ಹಾಕ್ರಿ. ಖಾಲೀನ ಐತಿ."

ಮರುದಿನದಿಂದ ದಿನಾ ಮುಂಜಾನೆ ಬಂದರು. ಬಾವಿಯ ಮೇಲುನೀರನ್ನು ಕೆನೆ ತೆಗೆದಂತೆ ಸೇದಿ, ಸೋಸಿ, ಬಟ್ಟೆಯನ್ನು ತಾವೇ ಬೀದಿಯಲ್ಲಿ ಝಾಡಿಸಿ ಹೋಗುವರು. ತಮಗೇ ಜ್ವರ ಬಂದಾಗ ಕಂಬಳಿ ಹೊದ್ದು ಬಂದರು. ಅವರ ಹಲ್ಲು ಕಟಕಟಿಸುವುದನ್ನೂ ನಾನು ಮಾಡಿ ತೋರಿಸಿದೆ. ತಂಗಿ ನಕ್ಕಳು. ಅಜ್ಜಿ ನಗಲಿಲ್ಲ.

ಒಂದು ದಿನ ಅವರು ಬರಲಿಲ್ಲ. ಜ್ವರ ಏರಿ, ಮನೆಯವರು ಕೋಸಗಿ ಕಡೆಯ ತಮ್ಮೂರಿಗೆ ರೈಲಿನಲ್ಲಿ ಮಲಗಿಸಿಕೊಂಡು ಹೋದರಂತೆ... ವಾರದೊಳಗೆ ತೀರಿಕೊಂಡ ಸುದ್ದಿ ಬಂತು.

ಅವತ್ತು ಅಜ್ಜಿ ಒದ್ದೆ ಬಟ್ಟೆ ಹಿಡಿದು ಬಾವಿಕಟ್ಟೆಯ ಹತ್ತಿರ ಬಹಳ ಹೊತ್ತು ನಿಂತಳು. ನಾನು ಮೇಸ್ತ್ರಿಯ ದನಿ ತೆಗೆದು, "ನನ್ನ ತಲಿಗೆ ಹಾಕ್ರಿ ಅಮ್ಮಾ" ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ನಿನ್ನ ತಲಿ ಇನ್ನಾ ಎಳೇದೈತಿ," ಎಂದು ತಾನೇ ಬೀದಿಗೆ ನಡೆದು ಬಟ್ಟೆ ಝಾಡಿಸಿದಳು.

ತಂಗಿ ಉಳಿದಳು. ಈಗ ಅಜ್ಜಿಯೂ ಇಲ್ಲ, ನೀರು ಸೋಸುವವನು ನಾನು. ನಮ್ಮ ಓಣಿಯಲ್ಲಿ ಇನ್ನೂ ಐದು ಬಾವಿಗಳಿವೆ. ಒಂದೊಂದು ಮನೆಗೂ ಹೋಗಿ ಬಟ್ಟೆಯನ್ನು ಬೀದಿಗೆ ತರಿಸಿದ್ದೇನೆ. ಎರಡು ಮನೆಯವರು ಮಾತ್ರ ಬಾಗಿಲು ತೆರೆದಿಲ್ಲ. ಮೇಸ್ತ್ರಿ ಇದ್ದಿದ್ದರೆ ಇಷ್ಟು ಹೊತ್ತಿಗೆ ತೆರೆಸುತ್ತಿದ್ದರು... ನಾಳೆ ಮುಂಜಾನೆ ಮತ್ತೆ ಹೋಗುತ್ತೇನೆ.