ಕಿವಿಯಲ್ಲಿದ್ದ ಕೆಮ್ಮು

ಕಕ್ಕೇರಾದಾಚೆ, ಕಾಲುವೆಯ ದಂಡೆಗೆ ನಮ್ಮ ಶಾಲೆ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಬಿಸಿಯೂಟ ಮಾಡುತ್ತಿದ್ದವಳು ತಿಮ್ಮವ್ವ. ಅವಳ ಕೈಯ ಸಾರಿಗಾಗಿಯೇ ಶಾಲೆಗೆ ಬರುವ ಮಕ್ಕಳಿದ್ದರು. ನನ್ನ ಪಾಠಕ್ಕಾಗಿ ಬಂದವರನ್ನು ನಾನಂತೂ ಕಂಡಿಲ್ಲ. ವಿಜ್ಞಾನ ಹೇಳುತ್ತ ಹೆಡ್‌ಮಾಸ್ತರಿಕೆಯನ್ನೂ ಹೊತ್ತಿದ್ದ ನನಗೆ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಕಾಲುವೆಗೆ ನೀರು ಬಂದಮೇಲೆ ನಮ್ಮ ಕಡೆ ನೆಲ್ಲು ಬಂತು. ಹೆಂಗಸರು ಚಳಿಯಲ್ಲೂ ಬೆಳಗಾಗುತ್ತಲೇ ಗದ್ದೆಗಿಳಿದು ಸಸಿ ಹಚ್ಚುತ್ತಿದ್ದರು. ಥಂಡಿ ಗಾಳಿ ಹೊಗಬಾರದೆಂದು ಕಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟುಕೊಳ್ಳುವುದು ವಾಡಿಕೆ. ತಿಮ್ಮವ್ವನೂ ಎರಡು ತಾಸು ಸಸಿ ಹಚ್ಚಿಯೇ ಅಡುಗೆಗೆ ಬರುತ್ತಿದ್ದಳು.

ಆ ವರ್ಷ ಅವಳಿಗೆ ಒಣಕೆಮ್ಮು ಹತ್ತಿತು. ಜ್ವರವಿಲ್ಲ, ಕಫವಿಲ್ಲ, ಕೆಮ್ಮು ಮಾತ್ರ ಬಿಡದು. ಎಡಗಡೆಯಿಂದ ಕರೆದರೆ ಓಗೊಡಳು, ಸೊಕ್ಕು ಎಂದುಕೊಂಡೆ. ಎದೆಯ ಫೋಟೋ ತೆಗೆಸಿ, ಟಿ.ಬಿ. ಇಲ್ಲವೆಂದು ಡಾಕ್ಟರು ಬರೆದ ಚೀಟಿಯನ್ನೂ ತಂದು ತೋರಿಸಿದಳು. ಆದರೂ ಊರಿನ ಗುಸುಗುಸು ನಿಲ್ಲಲಿಲ್ಲ. ಒಂದು ಮಧ್ಯಾಹ್ನ, ಮಕ್ಕಳು ತಾಟು ಹಿಡಿದು ಸಾಲಾಗಿ ಕೂತಿದ್ದಾಗ, ಸಾರು ಬಡಿಸುತ್ತ ಕೆಮ್ಮಿದಳು.

"ಸಾಕು, ಸೌಟು ಕೆಳಗಿಡು. ನಾಳಿಂದ ಬರಬ್ಯಾಡ," ಎಂದುಬಿಟ್ಟೆ.

"ಜಡ್ಡಿಲ್ಲಂತ ಡಾಕ್ಟ್ರೇ ಬರ್ದು ಕೊಟ್ಟಾರಲ್ರಿ ಸರ. ಈ ಕೆಲ್ಸ ಬಿಟ್ರ ನಾ ಎಲ್ಲಿಗಿ ಹೋಗ್ಲಿ?"

ಅವಳು ಸೌಟಿಟ್ಟು ತಲೆ ತಗ್ಗಿಸಿ ಹೋದಳು.

ಮುಂದಿನ ವಾರ ಎಂಟನೆಯ ತರಗತಿಗೆ ಕಿವಿಯ ಪಾಠ. ಹೊರಗಿವಿ ಸದ್ದನ್ನು ಹಿಡಿದು ಒಳಗೆ ಕಳಿಸುತ್ತದೆ, ಕಿವಿತಮಟೆ ನಡುಗುತ್ತದೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ಬಸವನಹುಳುವಿನಂಥ ಸುರುಳಿಗೆ ದಾಟಿಸುತ್ತವೆ. ಅಲ್ಲಿಂದ ನರ ಮಿದುಳಿಗೆ ಒಯ್ಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಪಕ್ಕದ ಊರಿನಿಂದ ಬರುವ ಮಾನಮ್ಮ ಎಂಬ ಹುಡುಗಿ ಎದ್ದು ನಿಂತಳು.

"ಕಿವ್ಯಾಗ ಕಡ್ಡಿ ಹಾಕಿದ್ರ ನಮ್ಮವ್ವಗ ಕೆಮ್ಮು ಬರ್ತದ್ರಿ ಸರ. ಯಾಕ್ರಿ?"

"ಕೂಡು ಸುಮ್ನ!" ಎಂದು ಗದರಿದೆ. ಉತ್ತರ ಗೊತ್ತಿರಲಿಲ್ಲ, ಅದಕ್ಕೆ.

ಸಂಜೆ ಮನೆಗೆ ಹೋದವನೇ ದಪ್ಪ ಪುಸ್ತಕ ತೆಗೆದೆ. ಕೇಳಿಸುವ ನರ ಒಂದು. ಅದಲ್ಲದೆ, ಮಿದುಳಿನಿಂದ ಹೊರಟು ಗಂಟಲಿಗೂ ಎದೆಗೂ ಇಳಿಯುವ ಹತ್ತನೆಯ ನರದ ಒಂದು ಎಳೆ ಕಿವಿಯ ದಾರಿಯ ಗೋಡೆಗೂ ಬರುತ್ತದಂತೆ. ಅಲ್ಲಿ ಏನಾದರೂ ತಾಕಿದರೆ ಕೆಲವರಿಗೆ ಕೆಮ್ಮು ಬರುತ್ತದಂತೆ. ಅಯ್ಯೋ ಶಿವನೇ, ತಿಮ್ಮವ್ವನ ಎಡಗಿವಿ!

ಮರುದಿನವೇ ಅವಳನ್ನು ಶಹಾಪುರದ ಕಿವಿ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಸಣ್ಣ ಚಿಮಟಿಗೆ ಹಾಕಿ ಎಡಗಿವಿಯಿಂದ ಒಂದರ ಹಿಂದೊಂದು ಮೂರು ಹತ್ತಿಯುಂಡೆ ಎಳೆದರು. ಹಳೆಯದು ಗದ್ದೆಯಲ್ಲಿ ಬಿದ್ದಿರಬೇಕೆಂದುಕೊಂಡು ಅವಳು ಅದರ ಮೇಲೇ ಹೊಸದನ್ನು ತುರುಕುತ್ತ ಬಂದಿದ್ದಳು. ಎರಡು ದಿನದಲ್ಲಿ ಕೆಮ್ಮು ನಿಂತಿತು.

ಅವಳ ಮನೆ ಬಾಗಿಲಿಗೆ ಹೋಗಿ, ಯಾರಿಗೂ ಕೇಳದಂತೆ ಹೇಳಿದೆ: "ತಪ್ಪು ನಂದ, ತಿಮ್ಮವ್ವ. ನಾಳಿಂದ ಕೆಲ್ಸಕ್ಕ ಬಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗು ಅಂದದ್ದು ಮಕ್ಕಳೆಲ್ಲ ಕೇಳ್ಯಾರ್ರಿ ಸರ. ಬಾ ಅನ್ನೂದೂ ಅವ್ರು ಕೇಳ್ಲಿ."

ನನಗೆ ನಾಚಿಕೆಯಾಯಿತು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆಲ್ಲರೆದುರು ಹೇಳಿದೆ, ತಿಮ್ಮವ್ವಗೆ ಜಡ್ಡಿರಲಿಲ್ಲ, ತಪ್ಪು ನನ್ನದು ಎಂದು. ಕೊನೆಗೆ, ಗೇಟಿನ ಬಳಿ ನಿಂತಿದ್ದ ಅವಳತ್ತ ತಿರುಗಿ, "ಬಾರವ್ವ," ಎಂದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಸಾಲಿನ ನಡುವೆಯೇ ಹಾದು ಅಡುಗೆಮನೆಗೆ ಹೋದಳು.