ಜೋಡಿಯ ಲೆಕ್ಕ

ಮಾವಶಿಯ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ತುಸು ತಗ್ಗಾದ, ನಯವಾದ ಚರ್ಮವಿತ್ತು. ಬಿಸಿಲಿಗೆ ಹಿಡಿದರೆ ಸಿಪ್ಪೆ ಬಿಡಿಸಿದ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಮೊದಲ ಸಲ ಮತ ಹಾಕಲು ಹೋದಾಗ ಶಾಯಿ ಹಚ್ಚುವವನು ಕಡ್ಡಿ ಹಿಡಿದುಕೊಂಡು ಆ ಬೆರಳನ್ನೇ ನೋಡುತ್ತ ಕೂತನಂತೆ.

"ಎಲ್ಲೆ ಹಚ್ಚಲಿ ಬೇ?"

"ಎಲ್ಲೆ ಬೇಕಾದ್ರೂ ಹಚ್ಚಪಾ. ಹಣಿಗೆ ಹಚ್ಚಿದ್ರೂ ನಡೀತೈತಿ," ಎಂದಳಂತೆ ಮಾವಶಿ.

ಚರ್ಮದ ಮೇಲಿನ ಶಾಯಿ ನಾಲ್ಕೈದು ದಿನಕ್ಕೆ ಹೋಯಿತು. ಉಳಿದ ಹೆಂಗಸರ ಉಗುರಿನ ಮೇಲೆ ಮಾತ್ರ ಆ ಕಪ್ಪು ಗೆರೆ ತಿಂಗಳುಗಟ್ಟಲೆ ನಿಂತು, ಉಗುರಿನ ಜೊತೆ ಬೆಳೆಯುತ್ತ ತುದಿಯ ಕಡೆಗೆ ಸರಿಯುತ್ತಿತ್ತು. ಮಾವಶಿ ಅವರ ಕೈ ಹಿಡಿದು ಹಿಡಿದು ನೋಡುತ್ತಿದ್ದಳು.

ಉಗುರು ಹೇಗೆ ಹೋಯಿತೆಂದು ಯಾರು ಕೇಳಿದರೂ ಒಂದೇ ಉತ್ತರ: "ಕಬ್ಬು ಕಡಿಯೂ ಮುಂದ ನಾನ ಕೊಯ್ಕೊಂಡೆ." ಇಪ್ಪತ್ತೈದು ವರ್ಷ ಅದನ್ನು ನಂಬಿದ್ದೆ. ನಂಬದಿರಲು ಕಾರಣವೂ ಇರಲಿಲ್ಲ.

ಮಾವಶಿ ಎಂದರೆ ತಾಯಿಯ ತಂಗಿ. ಆದರೆ ಆಕೆ ನನ್ನ ತಾಯಿಯ ತಂಗಿಯಲ್ಲ, ಪಕ್ಕದ ಜೋಪಡಿಯವಳು. ಕಿತ್ತೂರಿನಿಂದ ಎಂ.ಕೆ. ಹುಬ್ಬಳ್ಳಿಗೆ ಹೋಗುವ ದಾರಿಯ ಬದಿಗೆ ನಮ್ಮ ನಲವತ್ತು ಜೋಪಡಿಗಳಿದ್ದವು. ನಮ್ಮ ಹಿರಿಯರು ಕಬ್ಬು ಕಡಿಯಲು ಗಡಿಯಾಚೆಯಿಂದ ಬಂದವರು. ಹಂಗಾಮು ಮುಗಿದ ಮೇಲೆ ಹಿಂದಿರುಗಬೇಕಿತ್ತು. ಒಂದು ವರ್ಷ ಕೆಲವರು ಹೋಗಲಿಲ್ಲ, ಮರುವರ್ಷ ಇನ್ನು ಕೆಲವರು ಹೋಗಲಿಲ್ಲ. ಒಳಗೆ ಮರಾಠಿ, ಹೊರಗೆ ಕನ್ನಡ. ನಾವು ಅಲ್ಲೇ ಹುಟ್ಟಿದ ಮಕ್ಕಳಾದರೂ ಊರವರಿಗೆ ನಾವು 'ಟೋಳಿಯವರು', ಅಂದರೆ ಬಂದು ಹೋಗುವ ಗುಂಪು.

ಕಬ್ಬು ಕಡಿಯುವ ಕೆಲಸದಲ್ಲಿ ಆಳಿನ ಲೆಕ್ಕವಿಲ್ಲ, ಜೋಡಿಯ ಲೆಕ್ಕ. ಗಂಡ ಕಡಿಯುತ್ತಾನೆ, ಹೆಂಡತಿ ಸೋಗೆ ಸವರಿ ಹೊರೆ ಕಟ್ಟುತ್ತಾಳೆ. ಇಬ್ಬರೂ ಸೇರಿ ಒಂದು. ಟೋಳಿಯ ಯಜಮಾನನಾದ ಮುಕಾದಮ ಬರೆದುಕೊಳ್ಳುವುದು ಗಂಡಸಿನ ಹೆಸರೊಂದನ್ನೇ. ಮಾವಶಿಯ ಗಂಡ ಎರಡು ದಿನದ ಜ್ವರಕ್ಕೆ ತೀರಿಕೊಂಡಾಗ ಮುಕಾದಮ ಮನೆಗೆ ಬಂದು ಅತ್ತನಂತೆ; ಕೆಟ್ಟವನಲ್ಲ. ಅತ್ತ ಮೇಲೆ, "ತಂಗಿ, ಅರ್ಧಾ ಜೋಡೀನ ನಾ ಹೆಂಗ ಬರಕೊಳ್ಳಲಿ?" ಎಂದು ಕೇಳಿದನಂತೆ.

"ಅರ್ಧಾ ಯಾಕ? ಮಗಳದಾಳಲ್ಲ."

ಆ ಮಗಳನ್ನು ನಾನು ಅಕ್ಕ ಎನ್ನುತ್ತೇನೆ. ಆಗ ಅವಳಿಗೆ ಹನ್ನೆರಡು. ಹದಿಮೂರೂ ಇರಬಹುದು, ನಮ್ಮಲ್ಲಿ ಯಾರ ಹುಟ್ಟಿದ ದಿನವೂ ಯಾರಿಗೂ ಗೊತ್ತಿಲ್ಲ. ಹಂಗಾಮು ಶುರುವಾದಾಗ ತಾಯಿ ಮಗಳು ಸೇರಿ ಒಂದು ಜೋಡಿಯಾದರು.

ಅದೇ ವರ್ಷವೋ ಅದರ ಮರುವರ್ಷವೋ ಚುನಾವಣೆ ಬಂತು. ಅದಕ್ಕೂ ಮೊದಲು ಯಾರೋ ಮತದಾರರ ಪಟ್ಟಿಗೆ ಹೆಸರು ಬರೆದುಕೊಳ್ಳಲು ಬಂದು, ಇಲ್ಲಿ ಎಷ್ಟು ಜನರಿದ್ದೀರಿ ಎಂದು ಮುಕಾದಮನನ್ನು ಕೇಳಿದ್ದರು. ಅವನು ರೂಢಿಯಂತೆ ಜೋಡಿಗಳನ್ನು ಎಣಿಸಿ, ನಲವತ್ತು ಎಂದು ಹೇಳಿ, ಗಂಡಸಿಲ್ಲದ ಮಾವಶಿಯ ಜೋಡಿಯನ್ನು ಬಿಟ್ಟು ಮೂವತ್ತೊಂಬತ್ತು ಗಂಡಸರ ಹೆಸರು ಕೊಟ್ಟಿದ್ದ. ಸುಳ್ಳು ಹೇಳುವ ಉದ್ದೇಶ ಅವನಿಗಿರಲಿಲ್ಲ. ಹೆಂಗಸರಿಗೂ ತಪ್ಪೆನಿಸಿರಲಿಲ್ಲ. ಮತದಾನದ ದಿನ ತೊಳೆದ ಸೀರೆ ಉಟ್ಟು ಗಂಡಂದಿರ ಬೆನ್ನ ಹಿಂದೆ ಪಾಳಿಯಲ್ಲಿ ನಿಂತರು. ಅವರನ್ನು ತಿರುಗಿ ಕಳಿಸಿದಾಗ ನನ್ನ ಅವ್ವ ಹೇಳಿದ ಮಾತು ನೆನಪಿದೆ: "ನನ್ನ ಹೆಸರು ಇವರ ಹೆಸರಿನ್ಯಾಗ ಐತಿ ಅಂದ್ಕೊಂಡಿದ್ನೆಲ್ಲ ಬೇ."

ಮಾವಶಿ ಅಲ್ಲೇ ನಿಂತಿದ್ದಳು. "ಹಂಗಾರ ನನ್ನ ಹೆಸರು ಯಾರ ಹೆಸರಿನ್ಯಾಗ ಐತಿ?" ಎಂದಳು.

ಹೆಂಗಸರ ಹೆಸರು ಪಟ್ಟಿಗೆ ಹತ್ತಿಸಲು ಆಕೆಯ ಓಡಾಟ ಅಲ್ಲಿಂದಲೇ ಶುರುವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಡುವೆ ಒಂದೆರಡು ವರ್ಷ ಏನೂ ಆಗಲಿಲ್ಲವೇನೋ. ಬರೀ ಕಬ್ಬು ಕಡಿದಿರಬೇಕು.

ಮುಂದಿನದು ಮಾತ್ರ ಸ್ಪಷ್ಟ ನೆನಪಿದೆ, ಏಕೆಂದರೆ ಅದರಲ್ಲಿ ನನಗೊಂದು ಪಾತ್ರವಿತ್ತು. ಕಚೇರಿಗೆ ಹೋಗುವ ಹಿಂದಿನ ಸಂಜೆ ಮಾವಶಿ ಬೇವಿನ ಗಿಡದ ಕೆಳಗೆ ಎಣ್ಣೆಯ ಡಬ್ಬಿಯನ್ನು ಬೋರಲು ಹಾಕುವಳು. ಅದು ಕುರ್ಚಿ. ಹೆಗಲಿಗೆ ಟವೆಲ್ಲು ಹೊದಿಸಿ ನನ್ನನ್ನು ಅದರ ಮೇಲೆ ಕೂರಿಸುವಳು. ಹುಡುಗಿಯಾದರೂ ನಾನು ಸಾಹೇಬ. ಅರ್ಜಿ ಕೊಡುವ ಹೆಂಗಸು ನನ್ನ ಮುಂದೆ ನಿಂತು ಉತ್ತರ ಹೇಳಬೇಕು. ನಿಯಮ ಎರಡೇ: ನೆಲ ನೋಡಬಾರದು, ಪ್ರತಿ ಉತ್ತರವನ್ನೂ ಮೂರು ಸಲ ಹೇಳಬೇಕು. "ಒಂದನೇ ಸಲ ಅಂಜಿಕಿಗೆ, ಎರಡನೇ ಸಲ ಬಾಯಿಗೆ, ಮೂರನೇದು ಸಾಹೇಬಗ," ಎನ್ನುತ್ತಿದ್ದಳು.

ಎಲ್ಲ ಸರಿಹೋಗಿ ಗಂಡನ ಹೆಸರಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ನಾನು ಗಂಭೀರವಾಗಿ, "ಗಂಡನ ಹೆಸರು?" ಎಂದರೆ ಎದುರಿನವಳು ಸೆರಗು ಕಚ್ಚಿ ನಗುವಳು. ಒಮ್ಮೆ ನನ್ನ ಅವ್ವನೇ ಹಾಗೆ ನಿಂತಿದ್ದಳು.

"ಹೇಳ ಬೇ," ಎಂದಳು ಮಾವಶಿ.

"ನೀನ ಹೇಳಿಬಿಡ. ನಿನಗ ಗೊತ್ತೈತೆಲ್ಲ."

"ನಾ ಹೇಳಿದ್ರ ಅಂವ ನನ್ನ ಗಂಡ ಅಕ್ಕಾನ, ನಡೀತೈತೇನ?"

ಎಲ್ಲರೂ ನಕ್ಕರು. ಅವ್ವ, "ಹೆಸರು ತಗೊಂಡ್ರ ಅವರ ಆಯುಷ್ಯ ಕಡಿಮಿ ಅಕ್ಕೈತಿ ಬೇ," ಎಂದಳು.

"ನಾ ಒಂದ ದಿನಾನೂ ಹೇಳಿದಾಕಿ ಅಲ್ಲ," ಎಂದಳು ಮಾವಶಿ. "ನನ್ನಾಂವ ಉಳದನೇನ?"

ಅವ್ವ ಅಪ್ಪನ ಹೆಸರನ್ನು ಮೂರು ಸಲ ಹೇಳಿದಳು.

ಕಿತ್ತೂರು, ಬೈಲಹೊಂಗಲ, ಒಮ್ಮೊಮ್ಮೆ ಸವದತ್ತಿ. ಯಾವ ಕಾಗದ ಎಲ್ಲಿ ಕೇಳುತ್ತಾರೋ ಅಲ್ಲಿಗೆ ಆಕೆ ಹೋಗುತ್ತಿದ್ದಳು. ಒಂದೊಂದೇ ಹೆಸರು ಪಟ್ಟಿಗೆ ಹತ್ತಿತು. ನಲ್ಲಿ ಬಂತು, ರೇಶನ್ ಕಾರ್ಡು ಬಂತು. ಆಕೆ ಬಸ್ಸು ಹತ್ತಿದ ದಿನ ಅಕ್ಕ ಗದ್ದೆಯಲ್ಲಿ ಒಬ್ಬಳೇ ಕಡಿದು ಒಬ್ಬಳೇ ಕಟ್ಟುತ್ತಿದ್ದಳು. ಜೋಡಿಯ ಪಾಲು ಮುಗಿಯಲೇಬೇಕು. ಕತ್ತಲಾಗುವ ಹೊತ್ತಿಗೆ ಮಾವಶಿ ಊರಿಂದ ನೇರ ಗದ್ದೆಗೆ ಹೋಗಿ, ಚೀಲವನ್ನು ಬದುವಿನ ಮೇಲಿಟ್ಟು, ಉಳಿದ ಹೊರೆ ಕಟ್ಟುವಳು. ಅವರು ಆಗ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಮಾತಾಡುತ್ತಿರಲಿಲ್ಲ ಎಂದು ಅಕ್ಕ ಈಗ ಹೇಳುತ್ತಾಳೆ.

ನಮ್ಮನ್ನು ಶಾಲೆಗೆ ಹಾಕಿದವಳೂ ಮಾವಶಿಯೇ. ಹನ್ನೊಂದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದಳು. ಚರಂಡಿ ದಾಟುವಾಗ ನನ್ನನ್ನು ಎತ್ತಿಕೊಂಡಿದ್ದು ಅಕ್ಕ; ಅವಳು ಗೇಟಿನವರೆಗೆ ಬಂದು, ಅಲ್ಲಿಂದ ಗದ್ದೆಗೆ ತಿರುಗಿದಳು. ಮುಖ್ಯಗುರುಗಳು ಕಿಟಕಿಯಿಂದ ನೋಡಿ ಕೇಳಿದರು: "ಆಕಿ ಯಾರು? ಆಕಿ ಹೆಸರು ಬರಸೂದಿಲ್ಲೇನು?"

"ನನ್ನ ಮಗಳ್ರಿ. ಮುಂದಿನ ವರ್ಷ ಹಾಕ್ತೇನ್ರಿ," ಎಂದಳು ಮಾವಶಿ.

ನೆಲ ನೋಡುತ್ತ ಹೇಳಿದಳು. ಒಂದೇ ಸಲ ಹೇಳಿದಳು. ಆ ಮುಂದಿನ ವರ್ಷ ಬರಲಿಲ್ಲ. ನಾನು ಇವತ್ತು ರಾಮದುರ್ಗದ ಶಾಲೆಯೊಂದರಲ್ಲಿ ಪ್ರತಿದಿನ ಹಾಜರಿ ಕರೆಯುತ್ತೇನೆ. ಗೇಟಿನ ಹೊರಗೆ ಯಾರಾದರೂ ನಿಂತಿದ್ದರೆ ಹಾಜರಿ ನಿಲ್ಲಿಸಿ ನೋಡುತ್ತೇನೆ.

ಅಕ್ಕನನ್ನು ನೋಡಲು ಸವದತ್ತಿಯಿಂದ ವರನ ಕಡೆಯವರು ಬರುವ ದಿನ ಬಂತು. ಅವಳಿಗೆ ಇಪ್ಪತ್ತು ದಾಟಿತ್ತು. ಅದೇ ಮುಂಜಾನೆ ಒಬ್ಬ ವಿಧವೆಯನ್ನು ಬೈಲಹೊಂಗಲದ ಕಚೇರಿಗೆ ಬರಹೇಳಿದ್ದರು. ಅವತ್ತು ಬಿಟ್ಟರೆ ಆಕೆಯ ಅರ್ಜಿ ಮತ್ತೆ ಮೊದಲಿನಿಂದ. ಮಾವಶಿ ಚೀಲ ಹೆಗಲಿಗೆ ಹಾಕಿಕೊಂಡು, "ಹನ್ನೆರಡಕ್ಕ ಬಂದಬಿಡ್ತೇನಿ. ಅವಲಕ್ಕಿ ತೋಯ್ಸಿಡು," ಎಂದು ಹೋದಳು.

ವರನ ಕಡೆಯವರು ಹನ್ನೊಂದಕ್ಕೇ ಬಂದರು. ಚಹಾ ಕುಡಿದರು. ಮತ್ತೊಮ್ಮೆ ಕುಡಿದರು. ಎರಡು ಗಂಟೆಯಾದಾಗ ವರನ ಸೋದರತ್ತೆ ಎದ್ದು ನಿಂತು, "ಮನಿ ಹಿರೇಮನಷ್ಯಾಳು ಕಚೇರ್‍ಯಾಗಿದ್ರ ನಾವು ಮಾತು ಯಾರ ಕೂಡ ಆಡೂದು? ನಾಳಿ ಬಾಣಂತನಕ್ಕೂ ಅರ್ಜಿ ಕೊಡಬೇಕಾಗ್ತೈತೇನ?" ಎಂದಳು. ಅವರು ಹೋದರು.

ಮಾವಶಿ ಬಂದದ್ದು ನಾಲ್ಕಕ್ಕೆ. ಬಾಗಿಲಲ್ಲೇ ನಗುತ್ತ, "ಆತು! ಹೆಸರು ಹತ್ತಿತು!" ಎಂದಳು. ಆಮೇಲೆ ಖಾಲಿ ಚಾಪೆ ನೋಡಿದಳು. ಅಕ್ಕ ನನ್ನ ಅವ್ವನ ಸೀರೆಯಲ್ಲಿ ಇನ್ನೂ ಹಾಗೇ ಕೂತಿದ್ದಳು.

"ನಂದೂ ಒಂದು ಅರ್ಜಿ ಬರಕೊ ಅವ್ವಾ," ಎಂದಳು. "ಪಾಳಿ ಬಂದಾಗ ಕರಿ."

ಮಾವಶಿ ನೀರುನೀರಾಗಿದ್ದ ಆ ಅವಲಕ್ಕಿಯನ್ನು ಮುಂದಿಟ್ಟುಕೊಂಡು ಪೂರ್ತಿ ತಿಂದಳು, ಶಿಕ್ಷೆಯ ಹಾಗೆ. ನನ್ನ ನೆನಪಿನಲ್ಲಿ ಹಾಗಿದೆ. ಅಕ್ಕ ಒಪ್ಪುವುದಿಲ್ಲ. ಅವಲಕ್ಕಿಯನ್ನು ತಾನು ಯಾವಾಗಲೋ ದನಕ್ಕೆ ಹಾಕಿದ್ದೆ ಎನ್ನುತ್ತಾಳೆ. "ನೀ ಆಕಿನ್ನ ಭಾಳ ಚಂದ ಮಾಡಾಕ್ಹತ್ತಿ," ಎನ್ನುತ್ತಾಳೆ. ಇಬ್ಬರೂ ಒಪ್ಪುವುದು ಒಂದನ್ನು: ಆಮೇಲೆ ಬೇರೆ ವರ ಬರಲಿಲ್ಲ, ಮರುದಿನ ಜೋಡಿ ಎಂದಿನಂತೆ ಗದ್ದೆಗೆ ಹೋಯಿತು.

ಹೋದ ವರ್ಷ ಮಾವಶಿ ತೀರಿಕೊಂಡಳು. ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ನಾನು ರಾಮದುರ್ಗದಿಂದ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮೂರನೆಯ ದಿನ ಅಕ್ಕ ಗೂಟದಿಂದ ಆ ಚೀಲ ಇಳಿಸಿ ನೆಲದ ಮೇಲೆ ಸುರಿದಳು. ಯಾರ್‍ಯಾರದೋ ಫೋಟೋಗಳು, ಝೆರಾಕ್ಸುಗಳು, ಬಸ್ಸಿನ ಟಿಕೆಟುಗಳು, ಹಲ್ಲು ಮುರಿದ ಹಣಿಗೆ, ಅರ್ಧ ಅಡಿಕೆ. ಕತೆಯಾಗಿದ್ದರೆ ಅದರ ತಳದಲ್ಲಿ ಅಕ್ಕನಿಗಾಗಿ ಜೋಪಾನ ಮಾಡಿದ ಏನಾದರೂ ಸಿಗಬೇಕಿತ್ತು. ಸಿಗಲಿಲ್ಲ. ನಾನು ಚೀಲದ ಒಳಗಿನ ಕಿಸೆಗೂ ಕೈಹಾಕಿ ನೋಡಿದೆ.

"ಏನ ಹುಡುಕಾಕ್ಹತ್ತಿ?" ಎಂದಳು ಅಕ್ಕ. ನಾನು ಕಿಸೆಯಿಂದ ಕೈ ತೆಗೆದೆ. ಅವಳಿಗೆ ಅರ್ಥವಾಗಿರಬೇಕು. ತಾನೇ ಹೇಳಿದಳು:

"ಉಗುರು ಆಕಿ ಕೊಯ್ಕೊಂಡಿದ್ದಲ್ಲ. ನಾ ಕೊಯ್ದಿದ್ದು. ಮೊದಲನೇ ಹಂಗಾಮದಾಗ. ನಾನ ಕಡೀತೇನಿ ಅಂತ ಹಟಾ ಮಾಡಿ ಕೊಯ್ತಾ ಇಸ್ಕೊಂಡೆ. ಆಕಿ ಕಬ್ಬು ಹಿಡದಿದ್ಲು."

ಕೊಯ್ತಾ ಎಂದರೆ ಕಬ್ಬು ಕಡಿಯುವ ಬಾಗಿದ ಕತ್ತಿ. ಹನ್ನೆರಡರ ಹುಡುಗಿಯ ಕೈಗೆ ಭಾರ.

"ರಕ್ತಾ ನೋಡಿ ನಾ ಚೀರಾಕ ಹೋದೆ. ಬಾಯಿ ಒತ್ತಿ ಹಿಡದ್ಲು. ಮುಕಾದಮಗ ಗೊತ್ತಾದ್ರ ಈ ಹುಡುಗಿ ಬ್ಯಾಡ ಅಂತಾನ, ನಮ್ಮ ಜೋಡಿ ಮುರೀತೈತಿ, ಯಾರರ ಕೇಳಿದ್ರ ಅವ್ವನ ಕೊಯ್ಕೊಂಡ್ಲು ಅಂತ ಹೇಳು ಅಂದ್ಲು. ಅಲ್ಲೇ ಗದ್ಯಾಗ ನಿಂದ್ರಿಸಿ ಮೂರು ಸಲ ಹೇಳಿಸಿದ್ಲು. ನೆಲಾ ನೋಡಬ್ಯಾಡ ಅಂದ್ಲು."

ಬೇವಿನ ಗಿಡದ ಕೆಳಗಿನ ನಿಯಮಗಳೆರಡೂ ಅಲ್ಲಿಂದ ಬಂದವೇ? ಗೊತ್ತಿಲ್ಲ. ಮಾವಶಿಯನ್ನು ಕೇಳಲಾಗುವುದಿಲ್ಲ. ಮಗಳಿಗೆ ಕಲಿಸಿದ ಸುಳ್ಳಿನಿಂದಲೇ ಎಲ್ಲರಿಗೂ ನಿಜ ಹೇಳುವುದನ್ನು ಕಲಿಸಿದಳು ಎಂದು ಬರೆದು ಮುಗಿಸಬಹುದು. ಆದರೆ ಅಕ್ಕನ ಮುಖ ನೋಡಿದ ಮೇಲೆ ಅಂಥ ಮಾತು ನನಗೆ ಸೇರುವುದಿಲ್ಲ. ಅಷ್ಟು ವರ್ಷ ಆ ಬೆರಳನ್ನು ಅವಳು ದಿನಾ ನೋಡಿದ್ದಳು.

ಎರಡು ತಿಂಗಳ ನಂತರ ಅಕ್ಕ ಫೋನು ಮಾಡಿದಳು. ಪಟ್ಟಿಯಿಂದ ಅವ್ವನ ಹೆಸರು ತೆಗೆಸಬೇಕು, ಅರ್ಜಿ ತುಂಬಿಕೊಡು ಎಂದಳು. ಅವಸರವೇನಿಲ್ಲ, ಇರಲಿ ಬಿಡು ಎಂದೆ ನಾನು. ಅಷ್ಟು ತಿರುಗಿ ಹತ್ತಿಸಿದ ಹೆಸರು.

"ಇರಾಕ ಹೆಂಗ ಬರ್ತೈತಿ? ಸತ್ತವರ ಹೆಸರಿದ್ರ ಯಾವನರ ಬಂದು ಓಟು ಹಾಕ್ತಾನ. ಅವ್ವಗ ಸೇರೂದಿಲ್ಲ."

ಆ ಭಾನುವಾರ ಹೋದೆ. ಅರ್ಜಿ ತುಂಬಿದೆ. ಅಕ್ಕ ಒಳಗಿನಿಂದ ಎಣ್ಣೆಯ ಡಬ್ಬಿ ತಂದು ಬೇವಿನ ಗಿಡದ ಕೆಳಗೆ ಬೋರಲು ಹಾಕಿದಳು.

"ನಾ ಒಮ್ಮೆನೂ ಕಚೇರಿ ಮೆಟ್ಟಲಾ ಹತ್ತಿಲ್ಲ. ಊರಿಗೆಲ್ಲಾ ಕಲಿಸಿದ್ಲು, ನನಗ ಬಿಟ್ಲು. ಕುಂದ್ರು. ಸಾಹೇಬ ಆಗು."

ಹೆಗಲಿಗೆ ಟವೆಲ್ಲು ಹೊದ್ದು ಕೂತೆ. ಹೆಸರು ಕೇಳಿದೆ. ಮೂರು ಸಲ ಹೇಳಿದಳು. ತೀರಿಕೊಂಡವರ ಹೆಸರು ಕೇಳಿದೆ. ಅವ್ವ ಎನ್ನುವುದನ್ನು ಬಿಟ್ಟು ಬೇರೆ ಹೆಸರಿನಿಂದ ಅವಳು ಮಾವಶಿಯನ್ನು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನೂ ಮೂರು ಸಲ ಹೇಳಿದಳು, ನನ್ನ ಕಣ್ಣು ನೋಡುತ್ತ.

"ಮನ್ಯಾಗ ಎಷ್ಟು ಮಂದಿ?"

"ಇಬ್ಬರ್ರಿ."

ನಾನು ಬರೆಯುವವಳಂತೆ ತಲೆ ಬಗ್ಗಿಸಿದೆ. ಅಕ್ಕನ ಕಣ್ಣು ನೆಲಕ್ಕೆ ಹೋಯಿತು, ಮತ್ತೆ ಮೇಲೆ ಬಂತು.

"ಒಬ್ಬಾಕಿ, ಸಾಹೇಬ್ರ."

ನಾನು ಟವೆಲ್ಲು ತೆಗೆದು ಡಬ್ಬಿಯಿಂದ ಎದ್ದುಬಿಟ್ಟೆ. ಅಕ್ಕ ನನ್ನ ಭುಜ ಹಿಡಿದು ಒತ್ತಿದಳು.

"ಕುಂದ್ರು," ಎಂದಳು. "ಇನ್ನೂ ಎರಡ ಸಲ ಐತಿ."